ಹಳೆಯ ಫೋನ್ ಕೈಬಿಡುವ ಮುನ್ನ: ರೀಸೆಟ್ ಒತ್ತಿದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ

ಫೋನ್ ಮಾರುವಾಗ, ಎಕ್ಸ್‌ಚೇಂಜ್‌ಗೆ ಹಾಕುವಾಗ, ಮನೆಯಲ್ಲೇ ಇನ್ನೊಬ್ಬರಿಗೆ ಕೊಡುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕಾ? ಈಚಿನ ಫೋನ್ ಆಗಿದ್ದರೆ ಬಹುಮಟ್ಟಿಗೆ ಸಾಕು. ಆದರೆ ಯಾಕೆ ಸಾಕು ಎಂದು ತಿಳಿದುಕೊಂಡರೆ ಮಾತ್ರ ಎಲ್ಲಿ ಸಾಲದು ಎಂಬುದು ಕಾಣುತ್ತದೆ.

256 ಜಿಬಿ ಸ್ಟೋರೇಜ್ ಇರುವ ಫೋನನ್ನು ರೀಸೆಟ್ ಮಾಡಿ ನೋಡಿ, ಎರಡು ಮೂರು ನಿಮಿಷದಲ್ಲಿ ಸ್ವಾಗತದ ಪರದೆ ಬಂದುಬಿಡುತ್ತದೆ. ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಸೊನ್ನೆ ತುಂಬುತ್ತಾ ಹೋದರೂ ಅಷ್ಟು ಜಾಗಕ್ಕೆ 20 ನಿಮಿಷ ದಾಟಬೇಕು. ಅಂದರೆ ಫೋನ್ ಅಷ್ಟೂ ಡೇಟಾವನ್ನು ಅಳಿಸುತ್ತಾ ಕೂರುವುದೇ ಇಲ್ಲ. ಡೇಟಾವನ್ನು ಅದು ಮೊದಲೇ ಗುಪ್ತಲಿಪಿಗೆ ತಿರುಗಿಸಿ (ಎನ್‌ಕ್ರಿಪ್ಟ್ ಮಾಡಿ) ಇಟ್ಟಿರುತ್ತದೆ, ಅದನ್ನು ಓದಲು ಬೇಕಾದ ರಹಸ್ಯ ಸಂಖ್ಯೆಯನ್ನು, ಅಂದರೆ ಎನ್‌ಕ್ರಿಪ್ಶನ್ ಕೀಯನ್ನು ಮಾತ್ರ ನಾಶ ಮಾಡುತ್ತದೆ. ಆ ಕೀಯ ಅಡಿಯಲ್ಲಿ ಇದ್ದದ್ದೆಲ್ಲ ಒಂದೇ ಏಟಿಗೆ ಅರ್ಥವಿಲ್ಲದ ಬಿಟ್‌ಗಳಾಗುತ್ತವೆ. ಅದರ ಹೊರಗಿದ್ದ ಮೆಮೊರಿ ಕಾರ್ಡ್, ಸಿಮ್, ಕ್ಲೌಡ್ ನಕಲು, ಲಾಗಿನ್ ಆಗಿರುವ ಬೇರೆ ಸಾಧನಗಳು ಹಾಗೇ ಉಳಿಯುತ್ತವೆ. ಹಳೆಯ ಫೋನಿನಿಂದ ಮಾಹಿತಿ ಸೋರುವುದು ಬಹುತೇಕ ಈ ಹೊರಗಿನವುಗಳ ಮೂಲಕವೇ.

ಒಂದು ಫೋಟೊ ಡಿಲೀಟ್ ಆಗುವ ದಾರಿ

ಗ್ಯಾಲರಿಯಲ್ಲಿ ಫೋಟೊ ಆರಿಸಿ ಡಿಲೀಟ್ ಒತ್ತಿದಾಗ ಅದು ಮೊದಲು ಎಲ್ಲಿಗೂ ಹೋಗುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಬ್ಯಾಕಪ್ ಆಗದ್ದು 30 ದಿನ. ಐಫೋನಿನ ‘ರೀಸೆಂಟ್ಲಿ ಡಿಲೀಟೆಡ್’ ಆಲ್ಬಮ್‌ನಲ್ಲೂ 30 ದಿನದ ಲೆಕ್ಕ. ಟ್ರ್ಯಾಶ್ ಖಾಲಿ ಮಾಡಿದ ಮೇಲೆ ಫೈಲ್‌ಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ ಆ ಫೈಲಿನ ಹೆಸರನ್ನು ತನ್ನ ಪಟ್ಟಿಯಿಂದ ತೆಗೆಯುತ್ತದೆ, ಅದು ಕೂತಿದ್ದ ಜಾಗವನ್ನು ಖಾಲಿ ಎಂದು ಗುರುತು ಮಾಡಿಕೊಳ್ಳುತ್ತದೆ. ಫೋಟೊದ ಬಿಟ್‌ಗಳು ಮಾತ್ರ ಕೂತಲ್ಲೇ ಕೂತಿರುತ್ತವೆ.

ಹಾಗಾದರೆ ಆ ಜಾಗದ ಮೇಲೆ ಬೇರೆ ಏನನ್ನಾದರೂ ಬರೆದುಬಿಡೋಣ ಎನ್ನಿಸುವುದು ಸಹಜ. ಸ್ಲೇಟಿನ ಮೇಲೆ ಬರೆದದ್ದನ್ನು ಒರೆಸಿ ಅಲ್ಲೇ ಮತ್ತೆ ಬರೆಯುವ ಹಾಗೆ ಫೋನಿನ ಸ್ಟೋರೇಜ್ ಇರುತ್ತದೆಂಬ ಊಹೆ ಇದರ ಹಿಂದಿದೆ. ಹಳೆಯ ಹಾರ್ಡ್ ಡಿಸ್ಕ್‌ಗೆ ಅದು ಸರಿ. ಫೋನಿನಲ್ಲಿರುವುದು ನ್ಯಾಂಡ್ ಫ್ಲ್ಯಾಶ್ ಎಂಬ ಬಗೆಯ ಮೆಮೊರಿ ಚಿಪ್. ಅದರಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ, ಒಂದು ಪೇಜ್ ಸಾಮಾನ್ಯವಾಗಿ 4ರಿಂದ 16 ಕೆಬಿ. ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ, ಒಂದೊಂದು ಬ್ಲಾಕ್‌ನಲ್ಲೂ ನೂರಾರು ಪೇಜ್‌ಗಳು. ಒಮ್ಮೆ ಬರೆದ ಪೇಜಿನ ಮೇಲೆ ಮತ್ತೆ ಬರೆಯಲು ಬರುವುದಿಲ್ಲ, ಅದಿರುವ ಇಡೀ ಬ್ಲಾಕನ್ನು ಅಳಿಸಿದ ಮೇಲೇ ಬರೆಯಬೇಕು. ಸಾಲದ್ದಕ್ಕೆ ಪ್ರತಿ ಬ್ಲಾಕ್ ಇಂತಿಷ್ಟು ಸಲ ಅಳಿಸಿದ ಮೇಲೆ ಸವೆದುಹೋಗುತ್ತದೆ.

ಹಾಗಾಗಿ ಸ್ಟೋರೇಜ್ ಚಿಪ್‌ನೊಳಗೇ ಇರುವ ಕಂಟ್ರೋಲರ್ ಒಂದು ಉಪಾಯ ಮಾಡುತ್ತದೆ. ‘ಈ ಜಾಗಕ್ಕೆ ಇದನ್ನು ಬರೆ’ ಎಂದು ಆಪರೇಟಿಂಗ್ ಸಿಸ್ಟಮ್ ಹೇಳಿದರೆ, ಅದು ಬೇರೆಲ್ಲೋ ಖಾಲಿ ಇರುವ ಪೇಜಿಗೆ ಬರೆದು ತನ್ನ ನಕ್ಷೆಯಲ್ಲಿ ವಿಳಾಸ ಬದಲಿಸಿಕೊಳ್ಳುತ್ತದೆ. ಹಳೆಯ ಪೇಜು ಬಳಕೆಯಲ್ಲಿಲ್ಲದ ನಕಲಾಗಿ ಎಲ್ಲೋ ಮೂಲೆಯಲ್ಲಿ ಉಳಿಯುತ್ತದೆ. ಸವೆತ ಎಲ್ಲ ಬ್ಲಾಕ್‌ಗಳಿಗೂ ಸಮನಾಗಿ ಹಂಚಿಹೋಗಲಿ ಎಂಬ ಈ ವ್ಯವಸ್ಥೆಗೆ ವೇರ್ ಲೆವೆಲಿಂಗ್ ಎನ್ನುತ್ತಾರೆ. ಹೊರಗೆ ತೋರಿಸುವ ಗಾತ್ರಕ್ಕಿಂತ ಸ್ವಲ್ಪ ಹೆಚ್ಚು ಜಾಗವನ್ನೂ ಚಿಪ್ ತನ್ನ ಬಳಕೆಗೆಂದು ಇಟ್ಟುಕೊಂಡಿರುತ್ತದೆ, ಅಲ್ಲಿಗೆ ಯಾವ ಆ್ಯಪ್‌ನ ಕೈಯೂ ಹೋಗುವುದಿಲ್ಲ. ಫೋನ್ ಸುಮ್ಮನೆ ಚಾರ್ಜ್ ಆಗುತ್ತಿರುವಾಗ ಆಪರೇಟಿಂಗ್ ಸಿಸ್ಟಮ್ ‘ಇಷ್ಟು ಜಾಗ ನನಗೆ ಇನ್ನು ಬೇಡ’ ಎಂಬ ಸೂಚನೆ ಕಳಿಸುತ್ತದೆ. ಇದಕ್ಕೆ ಟ್ರಿಮ್ ಎಂದು ಹೆಸರು. ಅದಾದ ಮೇಲೂ ಆ ಬ್ಲಾಕ್ ನಿಜವಾಗಿ ಅಳಿಯುವುದು ಕಂಟ್ರೋಲರ್‌ಗೆ ಬಿಡುವಾದಾಗ.

ಪ್ಲೇ ಸ್ಟೋರ್‌ನಲ್ಲಿ ಸಿಗುವ ‘ಡೇಟಾ ಶ್ರೆಡ್ಡರ್’ ಆ್ಯಪ್‌ಗಳು ಯಾಕೆ ದಂಡ ಎಂಬುದು ಇಲ್ಲಿಗೆ ತಿಳಿಯಬೇಕು. ‘35 ಸಲ ಮೇಲೆ ಬರೆಯುತ್ತೇವೆ’ ಎಂದು ಕೆಲವು ಹೇಳಿಕೊಳ್ಳುತ್ತವೆ. ಈ 35ರ ಲೆಕ್ಕ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ 1996ರಲ್ಲಿ ಪ್ರಕಟಿಸಿದ ಪ್ರಬಂಧದ್ದು. ಆಗಿನ ಮ್ಯಾಗ್ನೆಟಿಕ್ ಡಿಸ್ಕ್‌ಗಳು ಡೇಟಾ ಬರೆಯುತ್ತಿದ್ದ ಬೇರೆ ಬೇರೆ ವಿಧಾನಗಳಿಗೆಲ್ಲ ಒಟ್ಟಿಗೆ ಹೊಂದುವಂತೆ ಮಾಡಿದ ಪಟ್ಟಿ ಅದು. ಹೊಸ ಡಿಸ್ಕ್‌ಗಳಿಗೆ 35 ಸುತ್ತು ಅರ್ಥಹೀನ ಎಂದು ಮುಂದೆ ಅವರೇ ಬರೆದರು. ಫ್ಲ್ಯಾಶ್‌ನಲ್ಲಂತೂ ಆ ಆ್ಯಪ್ 35 ಸಲ ಬರೆದರೆ 35 ಹೊಸ ಜಾಗಗಳು ಸವೆಯುತ್ತವೆ, ಹಳೆಯ ಪೇಜು ಆರಾಮಾಗಿ ಕೂತಿರಬಹುದು. ಅದಕ್ಕಾಗಿ ನಿಮ್ಮ ಎಲ್ಲ ಫೈಲ್‌ಗಳನ್ನೂ ಮುಟ್ಟುವ ಅನುಮತಿಯನ್ನು ಗುರುತಿಲ್ಲದ ಆ್ಯಪ್‌ಗೆ ಕೊಟ್ಟಿರುತ್ತೀರಿ ಎಂಬುದು ಇನ್ನೊಂದು ತಮಾಷೆ.

ಕೀ ನಾಶವಾದರೆ ಎಲ್ಲ ನಾಶ

ಫ್ಲ್ಯಾಶ್‌ನಿಂದ ಡೇಟಾ ಅಳಿಸುವುದು ಇಷ್ಟು ಕಷ್ಟವಾದ್ದರಿಂದ, ಮೊದಲಿನಿಂದಲೂ ಎನ್‌ಕ್ರಿಪ್ಟ್ ಮಾಡಿಯೇ ಬರೆಯುವುದು ಉಪಾಯ. ಆಗ ಕೊನೆಗೆ ಅಳಿಸಬೇಕಾದದ್ದು ಕೆಲವೇ ಬೈಟ್‌ಗಳ ಕೀ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 800-88 ಮಾರ್ಗಸೂಚಿ 2014ರ ಪರಿಷ್ಕರಣೆಯಲ್ಲಿ ಇದನ್ನು ಕ್ರಿಪ್ಟೊಗ್ರಾಫಿಕ್ ಇರೇಸ್ ಎಂಬ ಹೆಸರಿನಲ್ಲಿ ಒಪ್ಪಿತು. ಅದರ ಹಿಂದಿನ ತರ್ಕ ಎರಡು ಮಾತಿನದು: ಡೇಟಾ ಚಿಪ್ ಸೇರುವ ಮೊದಲೇ ಎನ್‌ಕ್ರಿಪ್ಟ್ ಆಗಿರಬೇಕು, ಕೀಯ ಎಲ್ಲ ನಕಲುಗಳೂ ನಾಶವಾಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ರೀಸೆಟ್ ಬರಿಯ ತೋರಿಕೆ.

ಕೀಯೂ ಅದೇ ಫ್ಲ್ಯಾಶ್‌ನಲ್ಲೇ ತಾನೇ ಇರುವುದು, ಅದರ ಹಳೆಯ ನಕಲೂ ಯಾವುದೋ ಮೂಲೆಯಲ್ಲಿ ಉಳಿಯಬಹುದಲ್ಲ? ಒಳ್ಳೆಯ ಅನುಮಾನ. ಆಂಡ್ರಾಯ್ಡ್ ಮಾಡಿದವರಿಗೂ ಇದು ಬಂದಿತ್ತು. ಅಲ್ಲಿ ಸ್ಟೋರೇಜ್ ಕೀಯ ಜೊತೆಗೆ 16,384 ಬೈಟ್‌ಗಳ, ತಲೆಬುಡವಿಲ್ಲದ ಅಂಕಿಗಳು ತುಂಬಿದ ಒಂದು ಫೈಲ್ ಇಡುತ್ತಾರೆ. ಅದರ ಹೆಸರು ಸೆಕ್‌ಡಿಸ್ಕಾರ್ಡಬಲ್. ಕೀಯನ್ನು ಬಿಡಿಸಲು ಈ ಇಡೀ ಫೈಲಿನ ಹ್ಯಾಶ್, ಅಂದರೆ ಅದರ ಎಲ್ಲ ಬಿಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ ಬೇಕು. ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಕೀ ಬಿಚ್ಚುವುದಿಲ್ಲ. ಆದ್ದರಿಂದ ಎಲ್ಲವನ್ನೂ ಅಳಿಸಲೇಬೇಕೆಂದಿಲ್ಲ, 16 ಕೆಬಿಯಲ್ಲಿ ಯಾವ ಮೂಲೆ ಹಾಳಾದರೂ ಕೆಲಸ ಮುಗಿಯಿತು. ಅದರ ಮೇಲೆ, ಈ ಕೀ ಪ್ರೊಸೆಸರಿನ ಸುರಕ್ಷಿತ ಭಾಗದಲ್ಲಿರುವ ಮತ್ತೊಂದು ಕೀಯಿಂದಲೂ ಎನ್‌ಕ್ರಿಪ್ಟ್ ಆಗಿ ಸುತ್ತಿಕೊಂಡಿರುತ್ತದೆ. ನಿಮ್ಮ ಪಿನ್ ಅಥವಾ ಪ್ಯಾಟರ್ನ್ ಸೇರುವುದೂ ಅಲ್ಲೇ. ಹೀಗಾಗಿ ಸ್ಟೋರೇಜ್ ಚಿಪ್ ಬಿಚ್ಚಿ ಬೇರೆ ಯಂತ್ರದಲ್ಲಿಟ್ಟು ಪಿನ್ ಊಹಿಸುತ್ತಾ ಕೂರಲು ಆಗುವುದಿಲ್ಲ. ಊಹೆ ಅದೇ ಫೋನಿನ ಪ್ರೊಸೆಸರ್ ಮೂಲಕವೇ ನಡೆಯಬೇಕು, ಅದು ತಪ್ಪಿದಷ್ಟೂ ಕಾಯಿಸುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಸೆಕ್ಯೂರ್ ಎನ್‌ಕ್ಲೇವ್ ಇದೆ. 2013ರ ಐಫೋನ್ 5ಎಸ್‌ನಲ್ಲಿ ಮೊದಲು ಬಂದದ್ದು.

ಇನ್ನು ನಿಮ್ಮ ಫೋನಿನಲ್ಲಿ ಎನ್‌ಕ್ರಿಪ್ಶನ್ ಇದೆಯೇ ಎಂಬ ಪ್ರಶ್ನೆ. ಐಫೋನ್‌ಗಳಲ್ಲಿ 2009ರ 3ಜಿಎಸ್‌ನಿಂದಲೇ ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಇದೆ. ಆಂಡ್ರಾಯ್ಡ್ ಕಥೆ ಅಷ್ಟು ಸರಳವಲ್ಲ. 2015ರ ಆಂಡ್ರಾಯ್ಡ್ 6ರಿಂದ ಸಾಕಷ್ಟು ವೇಗದ ಪ್ರೊಸೆಸರ್ ಇದ್ದ ಹೊಸ ಫೋನ್‌ಗಳಿಗೆ ಇದು ಕಡ್ಡಾಯವಾಯಿತು, ಅಗ್ಗದ ನಿಧಾನದ ಫೋನ್‌ಗಳಿಗೆ ವಿನಾಯಿತಿ ಉಳಿಯಿತು. ಸಾಮಾನ್ಯವಾಗಿ ಬಳಸುವ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನದ ಲೆಕ್ಕಕ್ಕೆ ಬೇಕಾದ ಸೂಚನೆಗಳೇ ಇಲ್ಲದ ಚಿಕ್ಕ ಪ್ರೊಸೆಸರ್‌ಗಳಿಗೆಂದು ಗೂಗಲ್ 2019ರಲ್ಲಿ ಅಡಿಯಾಂಟಮ್ ಎಂಬ ಹಗುರವಾದ ವಿಧಾನ ತಂದಿತು, ಅದೇ ವರ್ಷ ಆಂಡ್ರಾಯ್ಡ್ 10ರೊಂದಿಗೆ ಹೊರಬರುವ ಎಲ್ಲ ಹೊಸ ಫೋನ್‌ಗಳಿಗೂ ಎನ್‌ಕ್ರಿಪ್ಶನ್ ಕಡ್ಡಾಯವಾಯಿತು. ಇಲ್ಲಿ ಗಮನಿಸಬೇಕಾದದ್ದು ಫೋನ್ ಯಾವ ಆವೃತ್ತಿಯೊಂದಿಗೆ ಹೊರಬಂತು ಎಂಬುದನ್ನು. ಆಂಡ್ರಾಯ್ಡ್ 5ರಲ್ಲಿ ಬಂದು 6ಕ್ಕೆ ಅಪ್‌ಡೇಟ್ ಆದ ಫೋನ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಅನುಮಾನವಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ, ಅದರೊಳಗೆ ‘ಎನ್‌ಕ್ರಿಪ್ಶನ್ ಅಂಡ್ ಕ್ರೆಡೆನ್ಶಿಯಲ್ಸ್’ ತೆರೆದು ‘ಎನ್‌ಕ್ರಿಪ್ಟೆಡ್’ ಎಂದಿದೆಯೇ ನೋಡಿ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪಟ್ಟಿಯಲ್ಲಿ ಆ ಪದ ಟೈಪ್ ಮಾಡಿದರೆ ಬೇಗ ಸಿಗುತ್ತದೆ, ಯಾಕೆಂದರೆ ಒಂದೊಂದು ಕಂಪನಿ ಅದನ್ನು ಒಂದೊಂದು ಕಡೆ ಬಚ್ಚಿಟ್ಟಿರುತ್ತದೆ.

ಹಳೆಯ ಫೋನ್‌ಗಳ ಭಯ ಸುಮ್ಮನೆ ಹುಟ್ಟಿದ್ದಲ್ಲ. 2015ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 21 ಆಂಡ್ರಾಯ್ಡ್ ಫೋನ್‌ಗಳನ್ನು ರೀಸೆಟ್ ಮಾಡಿ ಪರೀಕ್ಷಿಸಿದರು. ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಫೋನ್‌ಗಳು ಅವು. ರೀಸೆಟ್ ಆದ ಮೇಲೂ ಸಂದೇಶಗಳು, ಸಂಪರ್ಕಗಳು, ಗೂಗಲ್ ಖಾತೆಗೆ ಮತ್ತೆ ಲಾಗಿನ್ ಆಗಬಲ್ಲ ಟೋಕನ್‌ಗಳು ಸಿಕ್ಕವು. ಡ್ರಾಯರಿನಲ್ಲಿ ಅಂಥ ಕಾಲದ ಫೋನ್ ಬಿದ್ದಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಕ್ರಿಪ್ಟ್ ಫೋನ್’ ಇದೆಯೇ ನೋಡಿ. ನೆನಪಿಡುವ ಗೊಡವೆಯಿಲ್ಲದ ಉದ್ದನೆಯ ಪಾಸ್‌ವರ್ಡ್ ಕೊಟ್ಟು ಎನ್‌ಕ್ರಿಪ್ಟ್ ಮಾಡಿ, ಆಮೇಲೆ ರೀಸೆಟ್ ಮಾಡಿ. ಪಾಸ್‌ವರ್ಡ್ ಉದ್ದ ಇರಬೇಕಾದದ್ದು ಯಾಕೆಂದರೆ ಆ ಕಾಲದ ಫೋನ್‌ಗಳಲ್ಲಿ ಸುತ್ತಿಟ್ಟ ಕೀಯ ನಕಲು ರೀಸೆಟ್ ಆದ ಮೇಲೂ ಉಳಿದಿರಬಹುದು. ನಾಲ್ಕಂಕಿಯ ಪಿನ್ ಆಗಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ಊಹಿಸಿ ಬಿಡಿಸುವುದು ಕಷ್ಟವಲ್ಲ. ರೀಸೆಟ್ ಮಾಡಿ, ಫೋನ್ ತುಂಬ ವಿಡಿಯೊ ರೆಕಾರ್ಡ್ ಮಾಡಿ, ಮತ್ತೆ ರೀಸೆಟ್ ಮಾಡು ಎಂಬ ಸಲಹೆ ಎನ್‌ಕ್ರಿಪ್ಶನ್ ಸೌಲಭ್ಯವೇ ಇಲ್ಲದ ಫೋನಿಗೆ ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ. ಹೊಸ ಫೋನಿಗೆ ಅದು ಸಮಯ ಹಾಳು.

ರೀಸೆಟ್‌ಗೆ ಮೊದಲು, ಇದೇ ಕ್ರಮದಲ್ಲಿ

ಈ ಕೆಲಸದಲ್ಲಿ ಕೆಡುವುದು ಹೆಚ್ಚಾಗಿ ಕ್ರಮ ತಪ್ಪಿದಾಗ. ಕೀ ಹೋದ ಮೇಲೆ ಫೋನ್ ತಯಾರಿಸಿದ ಕಂಪನಿಯಿಂದಲೂ ಏನನ್ನೂ ವಾಪಸ್ ತರಲು ಆಗುವುದಿಲ್ಲವಾದ್ದರಿಂದ, ಹೊಸ ಫೋನ್ ಪೂರ್ತಿ ಸಿದ್ಧವಾಗುವ ತನಕ ಹಳೆಯದನ್ನು ಮುಟ್ಟಬೇಡಿ.

ಮೊದಲಿಗೆ ಬ್ಯಾಕಪ್. ‘ಬ್ಯಾಕಪ್ ಕಂಪ್ಲೀಟ್’ ಎಂಬ ಬರಹವನ್ನು ನಂಬಿ ಕೂರದೆ, ಹೊಸ ಫೋನಿನಲ್ಲಿ ಎರಡು ವರ್ಷ ಹಿಂದಿನ ಒಂದು ಫೋಟೊ ತೆರೆದು ದೊಡ್ಡದು ಮಾಡಿ ನೋಡಿ. ಮಸುಕಾಗಿ ನಿಂತರೆ ನಿಮಗೆ ಕಾಣುತ್ತಿರುವುದು ಥಂಬ್‌ನೇಲ್ ಮಾತ್ರ ಇರಬಹುದು. ವಾಟ್ಸ್ಆ್ಯಪ್ ಫೋಲ್ಡರ್, ಸ್ಕ್ರೀನ್‌ಶಾಟ್, ಡೌನ್‌ಲೋಡ್ಸ್ ಎಷ್ಟೋ ಸಲ ಫೋಟೊ ಬ್ಯಾಕಪ್‌ನ ಪಟ್ಟಿಯಲ್ಲಿ ಇರುವುದೇ ಇಲ್ಲ, ಅವನ್ನು ಬೇರೆಯಾಗಿ ಆರಿಸಬೇಕು.

ಇಲ್ಲೊಂದು ದೊಡ್ಡ ಅಪಾಯವಿದೆ. ರೀಸೆಟ್‌ಗೆ ಮುಂಚೆ ಎಲ್ಲ ಸ್ವಚ್ಛ ಮಾಡೋಣ ಎಂದು ಕೆಲವರು ಒಂದೊಂದೇ ಫೋಟೊ, ಒಂದೊಂದೇ ಕಾಂಟ್ಯಾಕ್ಟ್ ಡಿಲೀಟ್ ಮಾಡುತ್ತಾ ಹೋಗುತ್ತಾರೆ. ಸಿಂಕ್ ಚಾಲೂ ಇದ್ದರೆ ಹಳೆಯ ಫೋನಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ, ಅಲ್ಲಿಂದ ಹೊಸ ಫೋನಿನಲ್ಲೂ ಅಳಿಯುತ್ತದೆ. ಕೈಯಾರೆ ಏನನ್ನೂ ಡಿಲೀಟ್ ಮಾಡಬೇಡಿ. ರೀಸೆಟ್ ಫೋನನ್ನು ಮಾತ್ರ ಖಾಲಿ ಮಾಡುತ್ತದೆ, ಕ್ಲೌಡನ್ನು ಮುಟ್ಟುವುದಿಲ್ಲ.

ಎರಡನೆಯದು, ಲಾಗಿನ್‌ಗಳ ಬೇರು. ಪ್ರತಿ 30 ಸೆಕೆಂಡಿಗೆ ಬದಲಾಗುವ ಆರಂಕಿಯ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್ ಇದೆಯಲ್ಲ, ಅದು ಕೋಡನ್ನು ಇಂಟರ್ನೆಟ್‌ನಿಂದ ತರುವುದಿಲ್ಲ. ಮೊದಲ ದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಿಕ್ಕ ಒಂದು ರಹಸ್ಯ ಸಂಖ್ಯೆಯನ್ನೂ ಗಡಿಯಾರವನ್ನೂ ಸೇರಿಸಿ ಫೋನಿನಲ್ಲೇ ಲೆಕ್ಕ ಹಾಕುತ್ತದೆ. ಆ ಸಂಖ್ಯೆ ಹಳೆಯ ಫೋನಿನಲ್ಲಿ ಮಾತ್ರ ಇದ್ದರೆ, ರೀಸೆಟ್ ಜೊತೆಗೆ ನಿಮ್ಮ ಖಾತೆಗಳ ಬಾಗಿಲೂ ಮುಚ್ಚುತ್ತದೆ. ಗೂಗಲ್ ಆಥೆಂಟಿಕೇಟರ್‌ನಲ್ಲಿ 2023ರಿಂದ ಕ್ಲೌಡ್ ಸಿಂಕ್ ಇದೆ, ಆನ್ ಆಗಿದೆಯೇ ನೋಡಿ. ಇಲ್ಲವೇ ‘ಟ್ರಾನ್ಸ್‌ಫರ್ ಅಕೌಂಟ್ಸ್’ ಮೂಲಕ ಹೊಸ ಫೋನಿಗೆ ದಾಟಿಸಿ, ಎರಡೂ ಫೋನ್‌ಗಳು ಒಂದೇ ಕ್ಷಣದಲ್ಲಿ ಒಂದೇ ಕೋಡ್ ತೋರಿಸುತ್ತವೆಯೇ ಎಂದು ಪಕ್ಕಪಕ್ಕ ಇಟ್ಟು ಪರೀಕ್ಷಿಸಿ. ಮುಖ್ಯ ಖಾತೆಗಳ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳು ಫೋನಿಗೇ ಕಟ್ಟಿಕೊಂಡಿರುವುದರಿಂದ ಅವನ್ನು ಹೊಸ ಫೋನಿನಲ್ಲಿ ಹೊಸದಾಗಿ ನೋಂದಾಯಿಸಬೇಕು.

ಚಾಟ್‌ಗಳು ಮೂರನೆಯದು. ವಾಟ್ಸ್ಆ್ಯಪ್ ಸಂದೇಶಗಳು ದಾರಿಯಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಮಧ್ಯದವರು ಓದಲಾರರು. ಬ್ಯಾಕಪ್‌ಗೆ ಅದು ಬೇಕಿದ್ದರೆ 2021ರಲ್ಲಿ ಬಂದ ಪ್ರತ್ಯೇಕ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಅಲ್ಲಿ ನಿಮ್ಮದೇ ಪಾಸ್‌ವರ್ಡ್ ಕೊಡಬಹುದು ಅಥವಾ 64 ಅಂಕೆಯ ಕೀ ಪಡೆಯಬಹುದು. ಅದು ಕಳೆದುಹೋದರೆ ಬ್ಯಾಕಪ್ ಕೂಡ ಹೋಯಿತು ಎಂದೇ ಲೆಕ್ಕ. ಸಿಗ್ನಲ್ ಎಂಬ ಚಾಟ್ ಆ್ಯಪ್ ಬಳಸುವವರು ಹಳೆಯ ಫೋನ್ ಕೈಯಲ್ಲಿರುವಾಗಲೇ ಫೋನಿನಿಂದ ಫೋನಿಗೆ ನೇರ ವರ್ಗಾವಣೆ ಮಾಡಿಕೊಳ್ಳಿ.

ನಾಲ್ಕನೆಯದು ಖಾತೆ ತೆಗೆಯುವುದು. ಇದನ್ನು ಮರೆತವರ ಫೋನ್ ಕೊಂಡವರು ಪಡುವ ಪಾಡು ಸಣ್ಣದಲ್ಲ. ಕಳ್ಳತನ ತಡೆಯಲೆಂದು ಆ್ಯಪಲ್ 2013ರಲ್ಲಿ ಆ್ಯಕ್ಟಿವೇಶನ್ ಲಾಕ್ ತಂದಿತು, ಆಂಡ್ರಾಯ್ಡ್ 2015ರ 5.1 ಆವೃತ್ತಿಯಲ್ಲಿ ಎಫ್‌ಆರ್‌ಪಿ (ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್) ತಂದಿತು. ಐಫೋನಿನ ಲಾಕ್ ಇರುವುದು ಆ್ಯಪಲ್ ಸರ್ವರಿನಲ್ಲಿ. ಫೋನನ್ನು ಎಷ್ಟು ಸಲ ಅಳಿಸಿದರೂ ಸೆಟಪ್ ಹೊತ್ತಿನಲ್ಲಿ ಅದು ಸರ್ವರನ್ನು ಕೇಳುತ್ತದೆ, ಸರ್ವರ್ ಹಳೆಯ ಮಾಲೀಕರ ಪಾಸ್‌ವರ್ಡ್ ಕೇಳುತ್ತದೆ. ಆಂಡ್ರಾಯ್ಡ್‌ನ ಗುರುತು ಫೋನಿನೊಳಗೇ, ರೀಸೆಟ್ ಮುಟ್ಟದ ಒಂದು ಚಿಕ್ಕ ಪಾರ್ಟಿಶನ್‌ನಲ್ಲಿ ಇರುತ್ತದೆ. ಪವರ್ ಮತ್ತು ವಾಲ್ಯೂಮ್ ಗುಂಡಿಗಳನ್ನು ಒಟ್ಟಿಗೆ ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಆ ಗುರುತು ಉಳಿಯುತ್ತದೆ, ಫೋನ್ ಕದ್ದದ್ದಿರಬಹುದು ಎಂದು ಭಾವಿಸಿ ಹಳೆಯ ಖಾತೆ ಕೇಳುತ್ತದೆ. ಹಾಗಾಗಿ ಶಾರ್ಟ್‌ಕಟ್ ಬೇಡ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್ ತೆರೆದು ಗೂಗಲ್ ಖಾತೆಯನ್ನು ‘ರಿಮೂವ್’ ಮಾಡಿ. ಫೋನ್ ಕಂಪನಿಯ ಖಾತೆ ಇದ್ದರೆ ಅದಕ್ಕೆ ಬೇರೆಯೇ ಲಾಕ್ ಇರಬಹುದು, ಅದನ್ನೂ ತೆಗೆಯಿರಿ. ಐಫೋನಿನಲ್ಲಿ ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಆಫ್ ಮಾಡಿ ಸೈನ್ ಔಟ್ ಆಗಿ. ಆ್ಯಪಲ್ ವಾಚ್ ಇದ್ದರೆ ಮೊದಲು ಅದನ್ನು ಅನ್‌ಪೇರ್ ಮಾಡಿ. ಇನ್ನೊಂದು ಸೂಕ್ಷ್ಮ: ಗೂಗಲ್ ಪಾಸ್‌ವರ್ಡನ್ನು ಈಗಷ್ಟೇ ಬದಲಿಸಿದ್ದರೆ ರೀಸೆಟ್‌ಗೆ 24 ಗಂಟೆ ತಡೆಯುವುದು ಒಳ್ಳೆಯದು. ಮಧ್ಯೆ ಏನಾದರೂ ಎಡವಟ್ಟಾಗಿ ಎಫ್‌ಆರ್‌ಪಿ ಎದ್ದರೆ ಹೊಸ ಪಾಸ್‌ವರ್ಡನ್ನು ಅದು ಅಷ್ಟು ಹೊತ್ತು ಒಪ್ಪದಿರಬಹುದು.

ಇಷ್ಟಾದ ಮೇಲೆ ಸಿಮ್ ಟ್ರೇ ಎಳೆದು ಸಿಮ್, ಮೆಮೊರಿ ಕಾರ್ಡ್ ಎರಡನ್ನೂ ತೆಗೆಯಿರಿ. ಸಿಮ್ ಹೊಸಬರ ಕೈಗೆ ಹೋದರೆ ನಿಮ್ಮ ಒಟಿಪಿಗಳೆಲ್ಲ ಅವರಿಗೆ ಬರುತ್ತವೆ. ಈ ಇಡೀ ಲೇಖನದಲ್ಲಿ ಅದಕ್ಕಿಂತ ದೊಡ್ಡ ನಷ್ಟದ ಮಾತಿಲ್ಲ. ಇ-ಸಿಮ್ ಆದರೆ ಹೊಸ ಫೋನಿಗೆ ವರ್ಗಾವಣೆ ಆಗಿ, ಅದರಲ್ಲಿ ಕರೆ ಬಂದದ್ದನ್ನು ಖಚಿತ ಮಾಡಿಕೊಂಡ ಮೇಲೆ ರೀಸೆಟ್ ಪರದೆಯಲ್ಲಿ ‘ಇರೇಸ್ ಇ-ಸಿಮ್’ ಆರಿಸಿ. ಎಷ್ಟೋ ಇ-ಸಿಮ್ ಕ್ಯೂಆರ್ ಕೋಡ್‌ಗಳು ಒಂದೇ ಸಲ ಕೆಲಸ ಮಾಡುತ್ತವೆ, ಅವಸರದಲ್ಲಿ ಅಳಿಸಿದರೆ ಆಪರೇಟರ್ ಹತ್ತಿರ ಹೊಸದು ಕೇಳಬೇಕಾಗುತ್ತದೆ.

ಈಗ ರೀಸೆಟ್. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರೀಸೆಟ್ ಆಪ್ಶನ್ಸ್, ‘ಇರೇಸ್ ಆಲ್ ಡೇಟಾ’. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ‘ಟ್ರಾನ್ಸ್‌ಫರ್ ಆರ್ ರೀಸೆಟ್’, ‘ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್’. ‘ರೀಸೆಟ್ ಆಲ್ ಸೆಟ್ಟಿಂಗ್ಸ್’ ಎಂಬುದು ಬೇರೆ, ಅದು ವೈಫೈ ಪಾಸ್‌ವರ್ಡ್‌ನಂಥವನ್ನು ಮಾತ್ರ ತೆಗೆದು ಫೋಟೊ ಚಾಟ್‌ಗಳನ್ನೆಲ್ಲ ಹಾಗೇ ಬಿಡುತ್ತದೆ. ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಮುಗಿದ ಮೇಲೆ ಸೆಟಪ್ ಶುರು ಮಾಡಿ, ವೈಫೈ ಸೇರಿಸಿ, ಹಳೆಯ ಖಾತೆಯನ್ನೋ ಪಿನ್ ಅನ್ನೋ ಕೇಳುತ್ತದೆಯೇ ಎಂದು ಮಾತ್ರ ನೋಡಿ ಅಲ್ಲಿಗೇ ಆಫ್ ಮಾಡಿ. ಈ ಪರೀಕ್ಷೆ ವೈಫೈ ಇಲ್ಲದೆ ನಡೆಯುವುದಿಲ್ಲ, ಐಫೋನಿನ ಲಾಕ್ ಸರ್ವರಿನಲ್ಲಿದೆ ಎಂದೆವಲ್ಲ.

ಕೊನೆಗೆ ಕಂಪ್ಯೂಟರಿನಿಂದ ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯ ಸಾಧನಗಳ ಪಟ್ಟಿ ತೆರೆದು ಹಳೆಯ ಫೋನನ್ನು ತೆಗೆಯಿರಿ. ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಅನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಎಂದೋ ಲಾಗಿನ್ ಆಗಿದ್ದ ಕಚೇರಿಯ ಕಂಪ್ಯೂಟರ್ ಅಲ್ಲಿ ಇನ್ನೂ ಕೂತಿರಬಹುದು.

ಕೀಯ ಹೊರಗೆ ಉಳಿಯುವವು

ಮೆಮೊರಿ ಕಾರ್ಡ್ ಎಂಬುದು ಈ ಲೆಕ್ಕದಲ್ಲಿ ಹತ್ತು ವರ್ಷ ಹಿಂದೆಯೇ ಉಳಿದಿದೆ. ಕ್ಯಾಮೆರಾದಲ್ಲೂ ಕಂಪ್ಯೂಟರಿನಲ್ಲೂ ಓದುವಂತಿರಲಿ ಎಂದು ಅದರಲ್ಲಿ ಸಾಮಾನ್ಯವಾಗಿ ಎನ್‌ಕ್ರಿಪ್ಶನ್ ಇರುವುದಿಲ್ಲ. ಫ್ಯಾಟ್32 ಎಂಬ ಫೈಲ್ ಸಿಸ್ಟಮ್ ಇರುವ ಕಾರ್ಡಿನಲ್ಲಿ ಒಂದು ಫೈಲ್ ಡಿಲೀಟ್ ಮಾಡಿದರೆ ಆಗುವುದು ಇಷ್ಟೇ: ಪಟ್ಟಿಯಲ್ಲಿ ಆ ಫೈಲಿನ ಹೆಸರಿನ ಮೊದಲ ಬೈಟ್ ಬದಲಾಗುತ್ತದೆ, ಅದು ಕೂತಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ. ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಹೆಸರಿನ ಗೊಡವೆಗೇ ಹೋಗದೆ, ಜೆಪೆಗ್ ಫೈಲ್ ಶುರುವಾಗುವ ಗುರುತಿನ ಬೈಟ್‌ಗಳನ್ನು ಹುಡುಕುತ್ತಾ ಇಡೀ ಕಾರ್ಡ್ ಜಾಲಾಡಿ ಫೋಟೊಗಳನ್ನು ಎತ್ತಿಕೊಡುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಎತ್ತುತ್ತದೆ. ವಿಂಡೋಸ್‌ನಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಕಾರ್ಡಿನುದ್ದಕ್ಕೂ ಸೊನ್ನೆ ಬರೆಯುತ್ತದೆ, ಒಂದು ಸುತ್ತು ಸಾಮಾನ್ಯ ಬಳಕೆಗೆ ಸಾಕು. ಆದರೆ ಕಾರ್ಡನ್ನು ಕೊಡದೇ ಇರುವುದೇ ವಾಸಿ. ಎಸೆಯುವುದಾದರೆ ಇಕ್ಕಳದಲ್ಲಿ ಅಡ್ಡಲಾಗಿ ಮುರಿಯಿರಿ, ಮೈಕ್ರೊ ಎಸ್‌ಡಿಯಲ್ಲಿ ಚಿಪ್ ಆ ಪ್ಲಾಸ್ಟಿಕ್ ಒಳಗೇ ಹರಡಿಕೊಂಡಿರುತ್ತದೆ. ಒಂದು ಅಪವಾದವಿದೆ. ಕಾರ್ಡನ್ನು ಫೋನಿನ ಒಳ ಸ್ಟೋರೇಜ್‌ನಂತೆ ಸೇರಿಸಿಕೊಂಡಿದ್ದರೆ ಅದು ಎನ್‌ಕ್ರಿಪ್ಟ್ ಆಗಿರುತ್ತದೆ, ಕೀ ಫೋನಿನಲ್ಲಿರುತ್ತದೆ. ಅಂಥ ಕಾರ್ಡಿನಲ್ಲಿರುವುದನ್ನು ರೀಸೆಟ್‌ಗೆ ಮೊದಲೇ ನಕಲು ಮಾಡಿಕೊಳ್ಳದಿದ್ದರೆ ನಿಮಗೂ ಸಿಗುವುದಿಲ್ಲ.

ಬ್ಲೂಟೂತ್‌ನಲ್ಲಿ ಫೋನ್ ಜೋಡಿಸಿದ ಕಾರು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ಪಟ್ಟಿಯನ್ನು ತನ್ನಲ್ಲಿ ಇಳಿಸಿಕೊಂಡಿರಬಹುದು. ಬಾಡಿಗೆ ಕಾರಾದರೆ ಹಿಂದಿರುಗಿಸುವ ಮುಂಚೆ ಅದರ ಪರದೆಯಲ್ಲಿ ಫೋನಿನ ಹೆಸರು ಅಳಿಸಿ. ಟಿವಿಯ ಲಾಗಿನ್‌ಗಳಿಗೂ ಇದೇ ಮಾತು.

ರಿಪೇರಿಗೆ ಕೊಡುವುದು ಮಾತ್ರ ಬೇರೆಯೇ ವಿಷಯ. ಫೋನಿನ ಜೊತೆ ಪಿನ್ ಕೂಡ ಬರೆದುಕೊಟ್ಟ ಕ್ಷಣ ಎನ್‌ಕ್ರಿಪ್ಶನ್ ಪೂರ್ತಿ ನಿರುಪಯೋಗಿ, ಕೀಯನ್ನು ನೀವೇ ಕೊಟ್ಟಿದ್ದೀರಿ. ಡಿಲೀಟ್ ಮಾಡಿದ ಸಂದೇಶಗಳೂ ಆಗ ಅಪಾಯದಲ್ಲೇ. ಬಹುತೇಕ ಚಾಟ್ ಆ್ಯಪ್‌ಗಳು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್, ಸಾಲು ಅಳಿಸಿದಾಗ ಆ ಜಾಗವನ್ನು ಮರುಬಳಕೆಗೆ ಬಿಡುತ್ತದೆ. ಆ್ಯಪ್ ವಿಶೇಷವಾಗಿ ಹೇಳದಿದ್ದರೆ ಹಳೆಯ ಅಕ್ಷರಗಳು ಮೇಲೆ ಬೇರೆ ಬರೆಯುವ ತನಕ ಅಲ್ಲೇ ಇರಬಹುದು. ಪರದೆ ಅಥವಾ ಬ್ಯಾಟರಿ ಬದಲಿಸಲು ಪಿನ್ ಬೇಕಿಲ್ಲ. ಟಚ್ ಕೆಲಸ ಮಾಡುತ್ತದೆಯೇ ಎಂಬುದನ್ನು ಲಾಕ್ ಪರದೆಯಲ್ಲೇ ನೋಡಬಹುದು, ಕ್ಯಾಮೆರಾವನ್ನೂ ಅಲ್ಲಿಂದಲೇ ತೆರೆಯಬಹುದು. ಒಳಗೆ ಹೋಗಲೇಬೇಕು ಎಂದರೆ ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ನಿಮ್ಮ ಡೇಟಾ ಮುಚ್ಚಿಟ್ಟು ಖಾಲಿ ಫೋನಿನಂತೆ ತೋರಿಸುತ್ತವೆ, ಹೊರಬರಲು ನಿಮ್ಮ ಪಿನ್ ಬೇಕು.

ಫೋನ್ ಆನ್ ಆಗದಿದ್ದರೆ, ಆಗಲೇ ಕೊಟ್ಟುಬಿಟ್ಟಿದ್ದರೆ

ಪರದೆ ಒಡೆದ ಫೋನಿಗೆ ಮೊದಲು ಮೌಸ್ ಜೋಡಿಸಿ ನೋಡಿ. ಯುಎಸ್‌ಬಿ-ಸಿ ಅಡಾಪ್ಟರ್ ಮೂಲಕ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೌಸ್ ಬಾಣ ಬರುತ್ತದೆ. ಕೆಲವಕ್ಕೆ ಟಿವಿಯನ್ನೂ ಸೇರಿಸಬಹುದು. ಪೂರ್ತಿ ಸತ್ತ ಫೋನ್ ಎನ್‌ಕ್ರಿಪ್ಟ್ ಆಗಿದ್ದು ಪಿನ್ ಇದ್ದರೆ ಚಿಂತೆ ಕಡಿಮೆ, ಚಿಪ್ ಬಿಚ್ಚಿದರೂ ಕೀಯ ಇನ್ನೊಂದು ಅರ್ಧ ಪ್ರೊಸೆಸರಿನಲ್ಲೇ ಉಳಿದಿರುತ್ತದೆ. ಲಾಕ್ ಇಡದೆ ಬಳಸಿದ ಫೋನಾದರೆ ಹಾಗಲ್ಲ, ಯಾರಾದರೂ ರಿಪೇರಿ ಮಾಡಿ ಆನ್ ಮಾಡಿದರೆ ಎಲ್ಲ ತೆರೆದೇ ಇರುತ್ತದೆ. ಅಂಥದ್ದನ್ನು ನಾಶ ಮಾಡುತ್ತೇನೆಂದು ಸುತ್ತಿಗೆ, ಡ್ರಿಲ್ ಎತ್ತಬೇಡಿ. ಲಿಥಿಯಂ ಬ್ಯಾಟರಿಗೆ ಮೊಳೆ ಹೊಕ್ಕರೆ ಬೆಂಕಿ ಏಳುತ್ತದೆ, ನೀರಿಗೆ ಸುಲಭಕ್ಕೆ ಆರುವುದಿಲ್ಲ. ಬಿಚ್ಚಬಲ್ಲವರ ಹತ್ತಿರ ಬ್ಯಾಟರಿ ಬೇರೆ ಮಾಡಿಸಿ, ಮದರ್‌ಬೋರ್ಡ್ ಮಾತ್ರ ನೀವು ಇಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯಕ್ಕೆ ಕೊಡಿ. ಸ್ಟೋರೇಜ್ ಚಿಪ್ ಇರುವುದು ಆ ಬೋರ್ಡಿನ ಮೇಲೆ.

ರೀಸೆಟ್ ಮಾಡದೆ ಫೋನ್ ಕೊಟ್ಟಾಗಿದೆ ಎಂದರೆ ದೂರದಿಂದ ಅಳಿಸುವ ದಾರಿ ಇನ್ನೂ ಇದೆ. ಐಫೋನಿಗೆ ಐಕ್ಲೌಡ್‌ನ ಫೈಂಡ್ ಮೈ. ಆಂಡ್ರಾಯ್ಡ್‌ಗೆ ಹಿಂದೆ ಫೈಂಡ್ ಮೈ ಡಿವೈಸ್ ಎನ್ನುತ್ತಿದ್ದ ಫೈಂಡ್ ಹಬ್. ಆಜ್ಞೆ ಜಾರಿಯಾಗುವುದು ಫೋನ್ ಇಂಟರ್ನೆಟ್‌ಗೆ ಬಂದಾಗಲೇ, ಮೆಮೊರಿ ಕಾರ್ಡ್ ಅದರಲ್ಲಿ ಅಳಿಯದೆಯೂ ಉಳಿಯಬಹುದು. ಐಫೋನಿನಲ್ಲಿ ‘ಇರೇಸ್’ ಮೊದಲು, ‘ರಿಮೂವ್ ಫ್ರಮ್ ಅಕೌಂಟ್’ ಆಮೇಲೆ. ತಿರುಗುಮುರುಗು ಮಾಡಿದರೆ ಫೋನ್ ನಿಮ್ಮ ಪಟ್ಟಿಯಿಂದಲೇ ಹೋಗುತ್ತದೆ, ಅಳಿಸುವ ಗುಂಡಿ ಅದರ ಜೊತೆಗೇ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ದೂರದಿಂದ ಅಳಿಸಿದ ಮೇಲೂ ಎಫ್‌ಆರ್‌ಪಿ ಲಾಕ್ ನಿಲ್ಲುತ್ತದೆ, ಬಿಡಿಸಲು ಆ ಫೋನಿನ ಮೇಲೆಯೇ ನಿಮ್ಮ ಖಾತೆಯ ಪಾಸ್‌ವರ್ಡ್ ಹೊಡೆಯಬೇಕಾಗುತ್ತದೆ. ಕೊಂಡವರು ‘ಪಾಸ್‌ವರ್ಡ್ ಮೆಸೇಜ್ ಮಾಡಿ’ ಎಂದು ಕೇಳುವುದು ಈ ಹಂತದಲ್ಲೇ. ಕಳಿಸಬೇಡಿ. ಎದುರಿಗೆ ಕೂತು ನೀವೇ ಟೈಪ್ ಮಾಡಿ, ಸೆಟಪ್ ಮುಗಿದ ಮೇಲೆ ನಿಮ್ಮ ಖಾತೆ ತೆಗೆದು, ಸೆಟ್ಟಿಂಗ್ಸ್‌ನಿಂದ ಇನ್ನೊಮ್ಮೆ ರೀಸೆಟ್ ಮಾಡಿ ಕೊಡಿ.